ಚುಕ್ಕಿಯಕ್ಕ

ಆಸ್ಪತ್ರೆಯಲ್ಲಿ ಎಲ್ಲರೂ ಲ್ಯಾಬಿನವಳನ್ನು ಕರೆಯುತ್ತಿದ್ದುದು ಚುಕ್ಕಿಯಕ್ಕ ಎಂದೇ. ಹನ್ನೊಂದು ವರ್ಷದ ಹಿಂದೆ ರಕ್ತಪರೀಕ್ಷೆಯ ಯಂತ್ರ ತೋರಿಸಿದ 4.1 ಅನ್ನು ರೋಗಿಯ ದಾಖಲೆಗೆ ಟೈಪ್ ಮಾಡುವಾಗ, ಚುಕ್ಕಿ ಬಿಟ್ಟು 41 ಮಾಡಿದ್ದಳು. ಡಾಕ್ಟರು ಎದ್ದೆನೋ ಬಿದ್ದೆನೋ ಎಂದು ಓಡಿಬಂದಿದ್ದರು. ಅಂದಿನಿಂದ ಪ್ರತಿ ಚುಕ್ಕಿಯ ಮೇಲೂ ಬೆರಳಿಟ್ಟು ನೋಡಿಯೇ ಅವಳ ಮುಂದಿನ ಕೆಲಸ.

ಇವತ್ತು ಯಂತ್ರವನ್ನೇ ಡಾಕ್ಟರ ಕಂಪ್ಯೂಟರಿಗೆ ಜೋಡಿಸಿದರು. ನಡುವೆ ಟೈಪ್ ಮಾಡುವವರೇ ಬೇಡ. ಮೊದಲ ವರದಿ ಹೋದದ್ದೇ ತಡ, ಚುಕ್ಕಿಯಕ್ಕ ವಾರ್ಡಿಗೆ ಓಡಿದಳು.

“ಡಾಕ್ಟ್ರೇ, ಚುಕ್ಕಿ ಬಂತಾ?”

“ಬಂತು, ಇದ್ದಲ್ಲೇ ಇದೆ. ನೀವೇ ನೋಡಿ.”

ಪರದೆಯ ಮೇಲೆ ಬೆರಳಿಟ್ಟು ನೋಡಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

“ಸದ್ಯ! ಇನ್ನಾದ್ರೂ ನನ್ನನ್ನ ಹೆಸರು ಹಿಡಿದು ಕರೀರಿ!”

ಡಾಕ್ಟರು ತಲೆ ಕೆರೆದುಕೊಂಡರು.

“ನಿಮ್ಮ ಹೆಸರೇನು, ಚುಕ್ಕಿಯಕ್ಕ?”