ಬದಿಗಿಟ್ಟ ಚೀಟಿ

ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಕಡೆಯವರು ತೊಂಡೆಕಾಯಿ, ಕುಚ್ಚಲಕ್ಕಿ ಕೊಳ್ಳುತ್ತಿದ್ದ ಅಂಗಡಿಯನ್ನು ಅದರ ಯಜಮಾನರು ವಯಸ್ಸಾಯಿತೆಂದು ಮಾರಲು ಹೊರಟರು. ಗಿರಾಕಿಗಳಾದ ನಾವೇ ಸೇರಿ ಕೊಳ್ಳುವುದೆಂದು ತೀರ್ಮಾನಿಸಿ ಸಮಿತಿ ಮಾಡಿಕೊಂಡು, ಜನರಿಂದ ಹಣ ಕೂಡಿಸಲು ಆನ್‌ಲೈನಿನಲ್ಲಿ ಕ್ರೌಡ್‌ಫಂಡಿಂಗ್ ಪುಟ ತೆರೆದೆವು. ಒಬ್ಬರಿಗೆ ಒಂದೇ ಷೇರು, ಷೇರಿದ್ದವರಿಗೆ ಸಭೆಯಲ್ಲಿ ಒಂದು ಮತ. ಯಾರೂ ಮುಂದೆ ಬರಲಾರರೆಂದು ಹೆದರಿದ್ದೆವು. ನೋಡಿದರೆ ಇದ್ದ ಷೇರುಗಳಿಗಿಂತ ಅರ್ಜಿಗಳೇ ಹೆಚ್ಚಾದವು. ಲಾಟರಿ ಎತ್ತದೆ ಬೇರೆ ದಾರಿ ಉಳಿಯಲಿಲ್ಲ.

ಸಮಿತಿಯ ಕಾರ್ಯದರ್ಶಿ ನಾನು. ಕಂಪ್ಯೂಟರೇ ಹೆಸರು ಆರಿಸಲಿ ಎಂದೆ. "ಅದರೊಳಗೆ ಎಂತ ಆಗ್ತದೆ ಅಂತ ನಮಗೆ ಕಾಣುದಿಲ್ಲ. ಚೀಟಿ ಬರೀರಿ, ಎಲ್ಲರೆದುರು ಎತ್ತಿ" ಎಂದು ಉಡುಪಿಯ ಹಿರಿಯರೊಬ್ಬರು ಪಟ್ಟು ಹಿಡಿದರು. ಸರಿ, ನಾನೇ ಎತ್ತುತ್ತೇನೆ ಎಂದೆ. ನೇರ ಮನುಷ್ಯ ಅನ್ನಿಸಿಕೊಳ್ಳುವ ಚಟ ನನಗೆ ಮೊದಲಿಂದಲೂ ಇತ್ತು.

ಅರ್ಜಿ ಹಾಕಿದವರಲ್ಲಿ ನನ್ನ ಅಕ್ಕನೂ ಒಬ್ಬಳು. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಬೇಳೆ ತೂಗಿ, ಕರಿಬೇವು ಕಟ್ಟಿ, ಅವಳ ಬೆರಳುಗಳ ಗಂಟು ಊದಿಕೊಂಡಿದ್ದವು. ಮನೆ ಭಾವನ ಹೆಸರಲ್ಲಿ, ಕಾರು ಮಗನ ಹೆಸರಲ್ಲಿ. ಲಂಡನ್ನಿನಲ್ಲಿ ಅವಳ ಹೆಸರಿದ್ದದ್ದು ಔಷಧಿ ಡಬ್ಬಿಗಳ ಮೇಲೆ ಮಾತ್ರ. ಅರ್ಜಿಯನ್ನು ಮಗನ ಕೈಗೆ ಕೊಡದೆ ತಾನೇ ಕೂತು ತುಂಬಿದ್ದಳು. "ಸಿಕ್ಕಿದ್ರೆ ಮೀಟಿಂಗಲ್ಲಿ ನಾನೂ ಕೈ ಎತ್ತಬಹುದಲ್ವಾ?" ಎಂದು ನನ್ನನ್ನು ಎರಡು ಸಲ ಕೇಳಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಸ್ಟೀಲ್ ಪಾತ್ರೆಯ ತುಂಬ ಚೀಟಿಗಳು. ಅಂಗಿಯ ತೋಳನ್ನು ಮೊಣಕೈಯಿಂದ ಮೇಲಕ್ಕೆ ಮಡಚಿ, ಖಾಲಿ ಕೈ ತೋರಿಸಿ, ಒಂದೊಂದಾಗಿ ಎತ್ತಿ ಓದಿದೆ. ಅರ್ಧ ಮುಗಿಯುವಷ್ಟರಲ್ಲಿ ಅಕ್ಕನ ಹೆಸರು ಬಂತು. ಗಟ್ಟಿಯಾಗಿಯೇ ಓದಿದೆ. ಎರಡನೇ ಸಾಲಿನಲ್ಲಿ ಅವಳು ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

"ಅಂತೂ ಮನೆಯವ್ರಿಗೇ ಬಂತು ನೋಡಿ" ಎಂದರು ಹಿಂದಿನಿಂದ ಯಾರೋ. ನಾಲ್ಕೈದು ಜನ ನಕ್ಕರು.

ನನ್ನ ಮುಖ ಕೆಂಪಾಯಿತು. "ಇದು ಬೇಡ. ನಮ್ಮ ಮನೆಯವರ ಚೀಟಿಯನ್ನ ನಾನೇ ಎತ್ತೋದು ಸರಿಯಲ್ಲ" ಎಂದು ಅದನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿದೆ. ಪಾತ್ರೆಗೆ ಮರಳಿ ಹಾಕಿದ್ದರೆ ಇನ್ನೊಮ್ಮೆ ಬರುವ ಅವಕಾಶವಾದರೂ ಇರುತ್ತಿತ್ತು. ಅದೂ ನನಗೆ ಹೊಳೆಯಲಿಲ್ಲ. ಇಡೀ ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನನಗೆ ಹಿತವಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅಕ್ಕ ಇನ್ನೂ ನಿಂತೇ ಇದ್ದಳು. ಪಕ್ಕದವರು ಸೆರಗು ಜಗ್ಗಿದ ಮೇಲೆ ಕೂತಳು.

ಬಂಧುಗಳ ಚೀಟಿ ಎತ್ತಬಾರದೆಂದಿದ್ದರೆ ಆ ಮಾತನ್ನು ಪಾತ್ರೆಗೆ ಕೈ ಹಾಕುವ ಮೊದಲೇ ಹೇಳಬೇಕಿತ್ತು. ಬೇರೆಯವರ ಕೈಯಲ್ಲಿ ಎತ್ತಿಸಬಹುದಿತ್ತು. ಅವತ್ತು ಆ ಹಾಲ್‌ನಲ್ಲಿ ನಡೆದ ಮೋಸ ಅದೊಂದೇ, ಮಾಡಿದವನು ನಾನು. ಅದಕ್ಕೇ ಜನ ನನ್ನನ್ನು ಹೊಗಳಿದರು.

ಅಕ್ಕ ಜಗಳವಾಡಲಿಲ್ಲ. ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದಳು. ಷೇರುದಾರರ ಮೊದಲ ಸಭೆ ಅಂಗಡಿಯಲ್ಲೇ ನಡೆಯಿತು. ಮತಕ್ಕೆ ಕೈಗಳು ಎದ್ದಾಗ ಅವಳು ಕಪ್ಪುಗಳಿಗೆ ಚಹಾ ಬಗ್ಗಿಸುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಮರುವರ್ಷ ಕ್ರೋಯ್ಡನ್‌ಗೆ ಮನೆ ಬದಲಿಸಿದವರೊಬ್ಬರು ತಮ್ಮ ಷೇರನ್ನು ಬಿಟ್ಟುಕೊಟ್ಟರು. ಸಮಿತಿಯನ್ನು ಕಾಡಿಬೇಡಿ, ಲಾಟರಿಯಿಲ್ಲದೆ ಅದನ್ನು ಅಕ್ಕನಿಗೆ ಕೊಡಲು ಒಪ್ಪಿಸಿ, ಕಾಗದಗಳನ್ನು ಹಿಡಿದು ಅವಳ ಮನೆಗೆ ಓಡಿದೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಸಹಿ ಹಾಕುವ ಜಾಗವನ್ನು ಬೆರಳಿಟ್ಟು ತೋರಿಸಿದೆ.

"ಬೇಡ ಮಾರಾಯ" ಎಂದು ಕಾಗದಗಳನ್ನು ನನ್ನ ಕಡೆಗೇ ಸರಿಸಿದಳು. "ಇದು ನೀನು ಕೊಡುದು. ಅವತ್ತಿನದ್ದು ನನಗೇ ಬಂದದ್ದು."