ಕುಸುಮಕ್ಕ ಬಂದಿದ್ದರು

ಕುಸುಮಕ್ಕ ಮನೆಗೆ ಬಂದರೆ ಮೊದಲು ನೋಡುತ್ತಿದ್ದದ್ದು ಬಸುರಿಯ ಕಾಲು, ಮುಖ ಆಮೇಲೆ. ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ, ಬಿಟ್ಟು, ಗುಳಿ ಬಿತ್ತೋ ಎಂದು ದಿಟ್ಟಿಸುವರು. "ಬಾಯಿ ಸುಳ್ಳು ಹೇಳ್ಬಹುದು ತಂಗಿ, ಕಾಲು ಹೇಳುದಿಲ್ಲ" ಎನ್ನುವರು.

ಕೊಲ್ಲಮೊಗ್ರಿನ ನಮ್ಮ ಕಡೆಗೆ ಅವರೇ ಆಶಾ ಕಾರ್ಯಕರ್ತೆ. ಮನೆಯಿಂದ ಮನೆಗೆ ಮೈಲಿ ದೂರ, ನಡುವೆ ಹಳ್ಳ ದಾಟಲು ಎರಡು ಕಾಲುಸಂಕ. ಚೀಲದಲ್ಲಿ ಕಬ್ಬಿಣದ ಮಾತ್ರೆ, ಕೂಸು ತೂಗುವ ತಕ್ಕಡಿ, ಜಿಗಣೆಗೆ ಹಚ್ಚಲು ಸುಣ್ಣ. ಮಾತು ಮಾತ್ರ ಒರಟು. ನಾನು ಮಾತ್ರೆಗಳನ್ನು ಬಸಳೆ ಬುಡಕ್ಕೆ ಎಸೆದದ್ದು ಕಂಡು, "ಬಸಳೆಗೆ ರಕ್ತ ಕಡಿಮೆ ಉಂಟಾ ಮಾರಾಯ್ತಿ?" ಎಂದು ಎದುರಿಗೆ ಕೂರಿಸಿ ನುಂಗಿಸಿದ್ದರು. ತವರಿನಿಂದ ದೂರವಿದ್ದ ನನಗೆ ಆ ಬೈಗುಳವೇ ಹಿತವಾಗಿತ್ತು.

ಸೀಮಂತಕ್ಕೆ ಎರಡು ದಿನ ಇತ್ತು. ಅಂದು ಕುಸುಮಕ್ಕ ಒತ್ತಿದ ಗುಳಿ ಮೇಲೇಳಲಿಲ್ಲ. ತಲೆನೋವು ಉಂಟಾ, ಕಣ್ಣು ಮಂಜಾಗ್ತದಾ ಎಂದು ಕೇಳಿದರು. ಉಂಟೆಂದೆ.

"ಇವತ್ತೇ ಸುಳ್ಯಕ್ಕೆ ಆಸ್ಪತ್ರೆಗೆ ಕರಕೊಂಡು ಹೋಗಿ ಅಮ್ಮ. ನಾನೂ ಬರ್ತೇನೆ. ಜೀಪಿಗೆ ಹೇಳುವಾ."

"ನೆಂಟರಿಗೆಲ್ಲ ಹೇಳಿ ಆಗಿದೆ," ಎಂದರು ಅತ್ತೆ. "ಹೂ ಮುಡಿಸುವ ಮೊದಲು ಆಸ್ಪತ್ರೆ ಎಂತಕ್ಕೆ? ಬಸುರಿಗೆ ಕಾಲು ಬಾತರೆ ಎಂತ ಹೊಸತು? ನಾವು ಹೆತ್ತವರಲ್ವಾ?"

ಕುಸುಮಕ್ಕ ಅಂಗಳದಲ್ಲಿ ನಿಂತು ಮೂರು ಸಲ ಹೇಳಿದರು. ನನ್ನ ಗಂಡ ಚಪ್ಪರಕ್ಕೆ ಕಂಬ ನೆಡುತ್ತಲೇ ಇದ್ದರು. "ನೀನಾದ್ರೂ ಹೊರಡು ತಂಗಿ" ಎಂದು ಕುಸುಮಕ್ಕ ನನ್ನ ಕಡೆ ತಿರುಗಿದರು. ನಾನು ಅತ್ತೆಯ ಮುಖ ನೋಡಿದೆ.

ಹಸಿರು ಬಳೆ ತೊಟ್ಟು, ಹೂ ಮುಡಿದು ಕುಳಿತಲ್ಲೇ ನನಗೆ ಫಿಟ್ಸ್ ಬಂತು. ನಾನು ಉಳಿದೆ. ಮಗು ಉಳಿಯಲಿಲ್ಲ.

ಆರೋಗ್ಯ ಇಲಾಖೆಯಿಂದ ವಿಚಾರಣೆಗೆ ಬಂದವರು, ಆಶಾ ಬಂದಿದ್ದರಾ ಎಂದು ಕೇಳಿದಾಗ ಅತ್ತೆ ಚಾವಡಿಯಲ್ಲಿ ಎಲ್ಲರ ಎದುರೇ ಹೇಳಿದರು: "ಯಾರೂ ಬರ್ಲಿಲ್ಲ. ಬಂದು ಹೇಳಿದ್ರೆ ನಾವು ಸುಮ್ಮನೆ ಕೂರ್ತಿದ್ದೆವಾ?" ನಮ್ಮಲ್ಲಿ ನೆಟ್‌ವರ್ಕ್ ಇಲ್ಲ, ಕುಸುಮಕ್ಕನ ಫೋನಿನಲ್ಲೂ ಆ ಭೇಟಿ ದಾಖಲಾಗಿರಲಿಲ್ಲ. ಅಲ್ಲೇ ನಿಂತಿದ್ದ ಅವರು ನನ್ನನ್ನೇ ನೋಡಿದರು. ಅಧಿಕಾರಿ ನನ್ನನ್ನೂ ಕೇಳಿದರು. ಅದೇ ಮನೆಯಲ್ಲಿ ಬಾಳಬೇಕಲ್ಲ, ತಲೆ ತಗ್ಗಿಸಿದೆ. ಕುಸುಮಕ್ಕನ ಕೆಲಸ ಹೋಯಿತು. ನನ್ನ ಹೇಡಿತನಕ್ಕೆ ಮನೆಯ ಮರ್ಯಾದೆ ಎಂದು ಹೆಸರಿಟ್ಟು ಇಷ್ಟು ದಿನ ಉಂಡೆ, ಮಲಗಿದೆ.

ಕಳೆದ ತಿಂಗಳು ಪುತ್ತೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಸಿಕ್ಕಿದರು. ಸೀರೆ ಮಡಚುತ್ತಿದ್ದರು. ಹತ್ತಿರ ಹೋಗಿ, "ಕುಸುಮಕ್ಕ, ಆ ದಿನ ನೀವು ಬಂದದ್ದು ನಂಗೆ ಗೊತ್ತುಂಟು" ಎಂದೆ.

"ನಂಗೂ ಗೊತ್ತುಂಟು. ಗೊತ್ತಾಗಬೇಕಾದವರು ನಿಮ್ಮ ಚಾವಡಿಯಲ್ಲಿ ಕೂತಿದ್ರು" ಎಂದರು. ಮಡಚಿದ ಸೀರೆಯನ್ನು ಕಪಾಟಿನಲ್ಲಿಟ್ಟು, ಈ ಕಡೆ ತಿರುಗಿ ಕೇಳಿದರು: "ನಿಮಗೆ ಎಂತ ತೋರಿಸ್ಲಿ ಮೇಡಂ?"