ಮುಂದಿನ ಚೆಂಡು ಯಾರಿಗೆ

ಬ್ಯಾಂಕೊಂದರ ಬಾಸ್ಕೆಟ್‌ಬಾಲ್ ತಂಡಕ್ಕೆ ಹದಿನಾಲ್ಕು ವರ್ಷ ಆಡಿ, ಈಗ ನವನಗರದ ಹುಡುಗಿಯರಿಗೆ ಕೋಚ್ ಆಗಿರುವ ಶಿವಯೋಗೀಶ ಸರ್ ಆರಡಿ ನಾಲ್ಕಿಂಚಿನ ಆಸಾಮಿ. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಿ ರೂಢಿಯಾಗಿ ಈಗ ಮೈದಾನದ ಗೇಟಿನಲ್ಲೂ ಬಗ್ಗುತ್ತಾರೆ. ಅದರ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಅವರ ಪ್ರಕಾರ ಲೋಕದ ತಪ್ಪೆಲ್ಲ ಮೊಣಕಾಲಿನದು. ಚಹಾದಂಗಡಿಯವನು ಮೇಲಿಂದ ಸುರಿಯುವಾಗ ಚಹಾ ಚೆಲ್ಲಿದರೂ, “ಮೊಣಕಾಲು ಸ್ವಲ್ಪ ಬಗ್ಗಸ್ರಿ ಕಾಕಾ, ಕೈ ತಾನ ಸರಿ ಬರ್ತೈತಿ” ಎನ್ನುತ್ತಾರೆ. ಯಾರನ್ನೂ ಬೈಯುವುದಿಲ್ಲ. ಸಿಟ್ಟು ಬಂದರೆ ಕೊರಳಿನ ಸೀಟಿಯನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ. ಕೋಚ್ ಆದ ಎಂಟು ವರ್ಷದಲ್ಲಿ ಅದು ಬೆಳ್ಳಿಯಂತೆ ಹೊಳೆಯುತ್ತಿದೆ. ಅವರ ಕೋರ್ಟಿನಲ್ಲಿ ಇರುವುದು ಒಂದೇ ಕಾನೂನು: ಗುರಿ ತಪ್ಪಿದವಳಿಗೇ ಅವಳ ತಂಡದವರು ಮುಂದಿನ ಚೆಂಡು ಕೊಡಬೇಕು. ಮೊನ್ನೆ ಶಾಂಭವಿ ಸತತ ಐದು ಸಲ ಗುರಿ ತಪ್ಪಿದಳು. “ಮತ್ತ ಇಕಿಗೇ ಯಾಕ ಕೊಡಬೇಕ್ರಿ ಸರ್? ಸೋಲ್ತೇವ್ರಿ” ಎಂದಳು ಜೊತೆಯಾಟಗಾರ್ತಿ ಐಶ್ವರ್ಯಾ. ಸರ್ ಸೀಟಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿ ಹೇಳಿದರು: “ನನ್ನ ಕಡೀ ಮ್ಯಾಚಿನ್ಯಾಗ ನಂದೂ ಒಂದು ಗುರಿ ತಪ್ಪಿತವಾ. ಆಮ್ಯಾಲ ಹನ್ನೊಂದು ನಿಮಿಷ ಕೈ ಚಾಚಿಕೋತ ಓಡಿದೆ. ಚೆಂಡು ಒಬ್ರೂ ಕೊಡಲಿಲ್ಲ.”